ಗುಹೆಯಲ್ಲಿ ಅತ್ತೆಯ ಕೈ

ಅತ್ತೆ ಆ ಪ್ರಶ್ನೆ ಕೇಳಿದ್ದು ಒಂದು ಭಾನುವಾರ ಬೆಳಿಗ್ಗೆ. ನಾನು ಅವಲಕ್ಕಿಯ ತಟ್ಟೆ ಹಿಡಿದು ಪಡಸಾಲೆಯಲ್ಲಿ ಓಡಾಡುತ್ತಿದ್ದೆ. ಕೂತು ತಿನ್ನುವುದು ನನಗೆ ಯಾವತ್ತೂ ಆಗಿಬಂದಿಲ್ಲ.

"ಕೊಂಜ ಕೂತ್ಕೊಂಡು ತಿನ್ನೋ. ನಿನ್ನ ನೋಡಿದ್ರೆ ನಂಗೆ ತಲೆ ಸುತ್ತತ್ತೆ."

ಕೂತೆ.

"ಅವತ್ತು ಆ ಬೊರ್ರಾ ಗುಹೇಲಿ, ಕತ್ತಲಲ್ಲಿ, ನನ್ನ ಕೈ ತೊಗೊಂಡು ಹೋಗಿ ಎಲ್ಲಿ ಇಡಿಸಿದೆ ನೀನು?"

ನಲವತ್ತೆಂಟು ವರ್ಷದ ಹಿಂದಿನ ಮಾತು. ತಟ್ಟೆಯನ್ನು ಟೀಪಾಯಿಯ ಮೇಲಿಟ್ಟೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಈಗ ಎಂಬತ್ತಾರು. ಇಪ್ಪತ್ತೆರಡಕ್ಕೇ ಗಂಡನನ್ನು ಕಳೆದುಕೊಂಡು ಚೆನ್ನೈನ ತಿರುವೊಟ್ಟಿಯೂರಿನಲ್ಲಿದ್ದ ನಮ್ಮ ಬಾಡಿಗೆ ಮನೆಗೆ ಬಂದವಳು, ಅಲ್ಲಿಂದಾಚೆಗೆ ನಮ್ಮ ಜೊತೆಯೇ ಇದ್ದಾಳೆ. ನನ್ನನ್ನು ಸಾಕಿದವಳು ಅಮ್ಮನಿಗಿಂತ ಹೆಚ್ಚಾಗಿ ಅವಳೇ. ಈಗ ಪೆರುಂಗುಡಿಯ ಒಂಬತ್ತನೇ ಮಹಡಿಯಲ್ಲಿ ನನ್ನ, ನನ್ನ ಹೆಂಡತಿಯ ಮತ್ತು ಮಗಳ ಜೊತೆಗಿದ್ದಾಳೆ. ನಮ್ಮದು ನಾಮ ಹಾಕುವ ಮನೆ. ಅತ್ತೆಗೆ ಹನ್ನೆರಡು ವರ್ಷವಾದಾಗ ಗುರುಗಳು ಅವಳ ಎರಡು ಭುಜಕ್ಕೂ ಶಂಖ ಚಕ್ರದ ಮುದ್ರೆ ಹಾಕಿದರು. ಅವತ್ತು ಅವಳು ತನ್ನ ಅಪ್ಪನಿಗೆ ಒಂದು ಮಾತು ಕೊಟ್ಟಳು: ವಿಷ್ಣುವಲ್ಲದ ದೇವರನ್ನು ಮುಟ್ಟುವುದಿಲ್ಲ, ಕೈ ಮುಗಿಯುವುದಿಲ್ಲ.

ಆ ಮಾತನ್ನು ಅವಳು ಉಳಿಸಿಕೊಂಡದ್ದು ಶಿವನ ಗೋಪುರದ ನೆರಳಿನಲ್ಲಿ. ತಿರುವೊಟ್ಟಿಯೂರಿನ ಮನೆ ದೇವಸ್ಥಾನದ ಪಕ್ಕದ ಬೀದಿಯಲ್ಲಿತ್ತು. ಮೂವತ್ತು ವರ್ಷ ಅಲ್ಲಿದ್ದರೂ ಒಂದು ದಿನ ಒಳಗೆ ಕಾಲಿಡಲಿಲ್ಲ. ತರಕಾರಿಗೆ ಹೋಗುವಾಗ ಕೊಳದ ಹಿಂದಿನಿಂದ ಸುತ್ತಿ ಹೋಗುತ್ತಿದ್ದಳು. ಹಾಗೆಂದು ಜಗಳವೇನಿಲ್ಲ. ಆ ದೇವಸ್ಥಾನದಲ್ಲಿ ಪೂಜೆ ಮಾಡುವ ಗುರುಕ್ಕಳ ಹೆಂಡತಿಯೇ ಅವಳ ಆಪ್ತ ಗೆಳತಿ. ಮಧ್ಯಾಹ್ನ ಇಬ್ಬರೂ ನಮ್ಮ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಆಕೆ ಪ್ರಸಾದದ ಪೊಂಗಲ್ ತಂದರೆ ಅತ್ತೆ ನಮಗೆ ಬಡಿಸಿ, ತಾನು ಬಾಯಿಗೆ ಹಾಕದೆ, ಬರೀ ವಾಸನೆಯಲ್ಲೇ "ಇವತ್ತು ತುಪ್ಪ ಕಮ್ಮಿ" ಎಂದು ತೀರ್ಪು ಕೊಡುತ್ತಿದ್ದಳು.

ನನಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ರೈಲ್ವೆ ಪಾಸಿನಲ್ಲಿ ನಮ್ಮನ್ನೆಲ್ಲ ವಿಶಾಖಪಟ್ಟಣಕ್ಕೆ, ಅಲ್ಲಿಂದ ಬೆಟ್ಟದ ರೈಲಿನಲ್ಲಿ ಬೊರ್ರಾಕ್ಕೆ ಕರೆದುಕೊಂಡು ಹೋದರು. ಸುಣ್ಣದ ಕಲ್ಲಿನ ಬೆಟ್ಟ, ಅದರ ಹೊಟ್ಟೆಯಲ್ಲಿ ಗುಹೆ. "ಬರೀ ಗುಹೆ ಅಕ್ಕ, ದೇವಸ್ಥಾನ ಗೀವಸ್ಥಾನ ಏನಿಲ್ಲ" ಎಂದು ಅತ್ತೆಯನ್ನು ಒಪ್ಪಿಸಿದ್ದರು. ಆಗ ಒಳಗೆ ಕರೆಂಟಿರಲಿಲ್ಲ. ಸ್ಥಳದವನೊಬ್ಬ ಪಂಜು ಹಿಡಿದು ಮುಂದೆ ನಡೆದ. ಅರ್ಧ ದಾರಿಯಲ್ಲಿ ಅವನು ಮೇಲಕ್ಕೆ ಕೈ ತೋರಿಸಿ, ಅಲ್ಲಿ ತಾನಾಗಿ ಹುಟ್ಟಿದ ಶಿವಲಿಂಗ ಇದೆ ಎಂದ. ಅತ್ತೆ ಅಲ್ಲೇ ನಿಂತಳು. ಅಪ್ಪ ಅಮ್ಮ ಅವನ ಹಿಂದೆ ಹತ್ತಿದರು. ಬೆಳಕು ಅವರ ಜೊತೆ ಹೋಯಿತು. ಕತ್ತಲಲ್ಲಿ ಉಳಿದವರು ಅತ್ತೆ ಮತ್ತು ನಾನು.

ಅಪ್ಪ ಅಮ್ಮ ಈಗಿಲ್ಲ. ಆ ಕತ್ತಲಿಗೆ ಬೇರೆ ಸಾಕ್ಷಿಯಿಲ್ಲ.

ಎರಡು ತಿಂಗಳ ಹಿಂದೆ ಅತ್ತೆ ಸಕ್ಕರೆ ಏರುಪೇರಾಗಿ ಆಸ್ಪತ್ರೆ ಸೇರಿದ್ದಳು. ಬಂದ ಮೇಲೆ ಒಂದೊಂದೇ ಬಾಕಿ ವಿಷಯ ಮುಗಿಸುತ್ತಿದ್ದಳು. ಇದು ಕೊನೆಯದು. ಲಿಂಗ ಮುಟ್ಟಿದ್ದರೆ ಮಾತು ತಪ್ಪಿದಂತೆ, ಅದಕ್ಕೆ ಒಂದು ಏಕಾದಶಿ ನೀರೂ ಇಲ್ಲದ ಉಪವಾಸ ಮಾಡಬೇಕು. ಡಾಕ್ಟರು ಒಂದು ಹೊತ್ತಿನ ಊಟವನ್ನೂ ಬಿಡಕೂಡದು ಎಂದು ಖಡಾಖಂಡಿತವಾಗಿ ಹೇಳಿದ್ದರು.

"ಇಲ್ಲ ಅಂತ ಹೇಳಿಬಿಡಿ," ಎಂದು ನನ್ನ ಹೆಂಡತಿ ಅಡುಗೆಮನೆಯಿಂದ ಕಣ್ಣಲ್ಲೇ ಹೇಳಿದಳು. ಕಾಲೇಜಿಗೆ ಹೋಗುವ ಮಗಳು ಮೊಬೈಲಿನಿಂದ ತಲೆ ಎತ್ತದೆ, ತನ್ನ ಅರ್ಧ ತಮಿಳಿನಲ್ಲಿ, "ವಿಡು ಪಾಟಿ, ಅದು ವೆರುಂ ಕಲ್ಲು ದಾನೆ," ಎಂದಳು.

"ನಿಂಗೆ ಬರೀ ಕಲ್ಲೇ ಕಣೆ. ನಂಗೂ ಬರೀ ಕಲ್ಲಾಗಿದ್ರೆ ಚೆನ್ನಾಗಿರ್ತಿತ್ತು," ಎಂದ ಅತ್ತೆ ನನ್ನ ಕಡೆ ತಿರುಗಿದಳು. "ಇವರೆಲ್ಲ ನನ್ನ ಸಮಾಧಾನಕ್ಕೆ ಇಲ್ಲ ಅಂತಾರೆ. ನೀನು ನಾಸ್ತಿಕ ಶಿಖಾಮಣಿ. ಮುಟ್ಟಿದ್ರೂ ನಿಂಗೆ ಒಂದೇ, ಮುಟ್ಟದೇ ಇದ್ರೂ ಒಂದೇ. ಸುಳ್ಳು ಹೇಳಿ ನಿಂಗೇನು ಬರಬೇಕು? ಅದಕ್ಕೇ ನಿನ್ನ ಕೇಳ್ತಿರೋದು."

ಜೀವನದಲ್ಲಿ ಯಾರೂ ನನ್ನ ಅಪನಂಬಿಕೆಯನ್ನು ಇಷ್ಟು ನಂಬಿರಲಿಲ್ಲ.

ಸುಳ್ಳು ಹೇಳುವುದು ಸುಲಭವಿತ್ತು. ಹೇಳಲಾಗದ್ದಕ್ಕೆ ಕಾರಣ ನನ್ನ ಪ್ರಾಮಾಣಿಕತೆಯಲ್ಲ. ನನಗೆ ಆ ಘಟನೆ ತುಂಬಾ ಚೆನ್ನಾಗಿ ನೆನಪಿತ್ತು, ಅದೇ ತೊಂದರೆ. ತಣ್ಣಗಿನ, ಒದ್ದೆಯಾದ, ಗುಂಡು ತಲೆಯ ಕಲ್ಲು. ಅದಕ್ಕೆ ಅಂಟಿದ ಹೂವಿನ ಎಸಳು. "ಇಲ್ಲಿ ಹಿಡ್ಕೋ ಅತ್ತೆ, ಜಾರತ್ತೆ" ಎಂದು ಅವಳ ಅಂಗೈಯನ್ನು ಅದರ ಮೇಲೆ ಇಟ್ಟದ್ದು. ಆಮೇಲೆ ಏನಾಗುತ್ತದೋ ಎಂದು ಉಸಿರು ಬಿಗಿಹಿಡಿದು ಕಾದದ್ದು.

ಈ ಕತೆಯನ್ನು ನಾನು ಯೂನಿವರ್ಸಿಟಿಯ ಹಾಸ್ಟೆಲಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಕೆಮಿಸ್ಟ್ರಿ ಎಂ.ಎಸ್ಸಿ. ಓದುತ್ತಿದ್ದ ಕಾಲ. ದೇವರಿಲ್ಲವೆಂದು ವಾದಿಸುವುದು ಊಟದಷ್ಟೇ ನಿಯಮಿತವಾಗಿತ್ತು. "ಒಂಬತ್ತನೇ ವಯಸ್ಸಿಗೇ ನಾನು ಪ್ರಯೋಗ ಮಾಡಿದವನು. ಅತ್ತೆಯ ಕೈ ಲಿಂಗದ ಮೇಲಿಟ್ಟೆ. ವಿಷ್ಣುವಿಗೂ ಸಿಟ್ಟು ಬರಲಿಲ್ಲ, ಶಿವನಿಗೂ ಖುಷಿಯಾಗಲಿಲ್ಲ. ಅತ್ತೆ ಹೊರಗೆ ಬಂದು ಚಿತ್ರಾನ್ನ ಬಡಿಸಿದಳು." ಹುಡುಗರು ನಗುತ್ತಿದ್ದರು. ನಕ್ಕಷ್ಟೂ ಕತೆ ನಯವಾಯಿತು. ಎಸಳು ಮೊದಲ ಸಲ ಹೇಳುವಾಗಲೇ ಇತ್ತೋ, ಐದನೇ ಸಲಕ್ಕೆ ಬಂತೋ? ಮೊದಲು ಅದು ಲಿಂಗವೇ ಆಗಿತ್ತೋ, ಅಥವಾ ಬರೀ ಒಂದು ಕಲ್ಲೆಂದರೆ ಯಾರೂ ನಗುವುದಿಲ್ಲವೆಂದು ನಾನೇ ಲಿಂಗ ಮಾಡಿದೆನೋ?

ಮೂವತ್ತು ವರ್ಷ ಮಣಲಿಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಸ್ಯಾಂಪಲ್ ಪರೀಕ್ಷಿಸಿಕೊಂಡು ಬಂದಿದ್ದೇನೆ. ಬಾಟಲಿಯ ಚೀಟಿಯನ್ನು ಯಾರಾದರೂ ತಿದ್ದಿದ್ದರೆ ಅದನ್ನು ನಾವು ತೆಗೆದುಕೊಳ್ಳುವುದೇ ಇಲ್ಲ, ವಾಪಸು ಕಳಿಸುತ್ತೇವೆ. ಈ ಬಾಟಲಿಯ ಚೀಟಿಯ ತುಂಬ ನನ್ನದೇ ಅಕ್ಷರ.

"ನೋಡಿ ಬಂದು ಹೇಳ್ತೀನಿ," ಎಂದೆ.

"ಏನನ್ನ ನೋಡ್ತೀಯೋ? ನನ್ನ ಕೈ ಇನ್ನೂ ಅಲ್ಲೇ ಇದ್ಯಾ?" ಎಂದಳು ಅತ್ತೆ. ಆದರೆ ಹೋಗಬೇಡ ಎನ್ನಲಿಲ್ಲ.

ಒಬ್ಬನೇ ಹೋದೆ. ವಿಶಾಖಪಟ್ಟಣದಿಂದ ಬೆಳಗಿನ ರೈಲು, ಸುರಂಗ ಬಂದಾಗಲೆಲ್ಲ ಡಬ್ಬಿಯಲ್ಲಿ ಹುಡುಗರ ಕೂಗಾಟ. ಬಾಗಿಲಲ್ಲಿ ನಿಂತೇ ಪ್ರಯಾಣ ಮಾಡಿದೆ. ಗುಹೆಯ ಹೊರಗಿನ ಅಂಗಡಿಸಾಲಿನಲ್ಲಿ ಬಿದಿರ ಬೊಂಬಿನಲ್ಲಿ ಕೋಳಿ ಸುಡುವ ಹೊಗೆ. ಕಟ್ಟೆಯ ಮೇಲೆ ಕೋತಿಗಳ ಸಂಸಾರ. ಒಂದು ಗಂಡು ಕೋತಿ ಯಾರದೋ ಜ್ಯೂಸಿನ ಬಾಟಲಿಯ ಬಿರಡೆಯನ್ನು ನಮ್ಮ ಹಾಗೆಯೇ ತಿರುಗಿಸಿ ತೆಗೆದು ಕುಡಿಯುತ್ತಿತ್ತು. ನನ್ನ ನೆನಪಿನಲ್ಲಿ ಇಲ್ಲಿ ಕೋತಿಗಳೇ ಇಲ್ಲ. ಇದ್ದದ್ದು ಬಾವಲಿಗಳು, ತಲೆಯ ಮೇಲೆ ನೂರಾರು. ಒಳಗೆ ಹೋದರೆ ಬಾವಲಿಯ ವಾಸನೆ ಮಾತ್ರ ಇತ್ತು. ಎಲ್ಲೆಲ್ಲೂ ಹಸಿರು, ಕೆಂಪು, ನೇರಳೆ ದೀಪಗಳು. ಬೆಳಕು ಬಂದ ಮೇಲೆ ಬಾವಲಿಗಳು ಒಳಗೊಳಗೆ ಸರಿದುಹೋದವು ಎಂದ ಅಲ್ಲಿನ ಹಳೆಯ ಗೈಡು.

ಲಿಂಗ ಎತ್ತರದಲ್ಲಿದೆ. ಈಗ ಕಬ್ಬಿಣದ ಮೆಟ್ಟಿಲು, ಹಿಡಿಕೆ, ಮೇಲೊಂದು ಗಂಟೆ. ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಒಂಬತ್ತು ವರ್ಷದ ಹುಡುಗನೊಬ್ಬ ಒಂಬತ್ತು ಗಜದ ಸೀರೆಯ ಹೆಂಗಸನ್ನು ಕತ್ತಲಲ್ಲಿ ಇಲ್ಲಿಯತನಕ ಎಳೆದುಕೊಂಡು ಬರಬಹುದೇ?

"ಮೆಟ್ಟಿಲು ಬರೋಕೆ ಮುಂಚೆ ಹೇಗಿತ್ತು?" ಎಂದು ಗೈಡನ್ನು ಹರಕು ತೆಲುಗಿನಲ್ಲಿ ಕೇಳಿದೆ.

"ಬಂಡೆ ಹಿಡ್ಕೊಂಡು ಹತ್ತೋದು ಸಾರ್. ಧೈರ್ಯ ಇದ್ದೋರು ಹತ್ತೋರು, ಇಲ್ದೋರು ಕೆಳಗೇ ಕೈ ಮುಗಿಯೋರು," ಎಂದ. ನಾನು ಮೂರನೇ ಸಲ ಮೇಲೆ ಹೊರಟಾಗ, "ಸಾರ್, ಏನಾದ್ರೂ ಬೀಳಿಸ್ಕೊಂಡ್ರಾ? ಹೇಳಿ, ಟಾರ್ಚ್ ತರ್ತೀನಿ," ಎಂದು ನಕ್ಕ.

ಸಮಾಧಾನವಾಯಿತು. ನಾವು ಮೇಲೆ ಹತ್ತಿರಲಿಕ್ಕಿಲ್ಲ. ಆದರೆ ಎಸಳು? ಕೆಳಗೆ, ನಾವು ನಿಂತಿರಬಹುದಾದ ಜಾಗದಲ್ಲಿ, ನೆಲದಿಂದ ಎದ್ದ ಸುಣ್ಣದ ಕಂಬಗಳು ಸೊಂಟದೆತ್ತರಕ್ಕೆ ಸಾಲಾಗಿದ್ದವು. ಕಣ್ಣು ಮುಚ್ಚಿಕೊಂಡು ಒಂದೊಂದನ್ನೇ ಮುಟ್ಟಿ ನೋಡತೊಡಗಿದೆ. ಒಂದು ಒರಟು, ಒಂದು ನುಣುಪು. ಮೂರನೆಯದು ತಣ್ಣಗೆ, ಒದ್ದೆಯಾಗಿ, ಗುಂಡಗೆ ಅಂಗೈ ತುಂಬಿತು. ಇದೇ ಎಂದುಕೊಂಡೆ. ಬೆರಳು ತಾವಾಗಿಯೇ ಗುರುತು ಹಿಡಿದವೆಂದು ಮೈ ಜುಮ್ಮೆಂದಿತು. ಹಾಗೆಯೇ ನಿಂತಿದ್ದೆ, ಎಷ್ಟು ಹೊತ್ತೋ.

ಕಣ್ಣು ತೆರೆದಾಗ ನನ್ನ ಹಿಂದೆ ಮೂರು ಜನ ಸಾಲು ನಿಂತಿದ್ದರು. ನಾನು ಕೈ ತೆಗೆದ ಕೂಡಲೇ ಒಬ್ಬ ಹೆಂಗಸು ಮುಂದೆ ಬಂದು ಆ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು, ಮುಡಿಯಿಂದ ಒಂದು ಎಳೆ ಮಲ್ಲಿಗೆ ಕಿತ್ತು ಅದರ ನೆತ್ತಿಗೆ ಇಟ್ಟಳು. ಅವಳ ಗಂಡ, "ಇದು ಯಾವ ದೇವರು ಸಾರ್?" ಎಂದು ನನ್ನನ್ನು ಕೇಳಿದ.

ಬರೀ ಕಲ್ಲು ಎಂದೆ. ಅವನು ನಂಬಲಿಲ್ಲ. ಕಣ್ಣು ಮುಚ್ಚಿ ನಿಂತವನನ್ನು ಅವನು ನೋಡಿದ್ದ.

ಹೊರಗೆ ಬಂದು ಅಂಗಡಿಸಾಲಿನ ಉದ್ದಕ್ಕೂ ಹೋಗುತ್ತಾ ಬರುತ್ತಾ ಇದ್ದೆ. ಎಸಳು ಇದ್ದಿದ್ದರೂ ಅದು ಲಿಂಗವೆಂದಲ್ಲ. ಲಿಂಗವಲ್ಲದ್ದಕ್ಕೂ ಜನ ಹೂವಿಟ್ಟಿದ್ದರೆ, ಪೂಜೆಗೊಂಡ ಕಲ್ಲನ್ನು ಅತ್ತೆ ಮುಟ್ಟಿದಂತೆಯೇ ಅಲ್ಲವೇ? ಇಷ್ಟಕ್ಕೂ ಬಾವಲಿಗಳನ್ನು ನೆನಪಿಟ್ಟುಕೊಂಡು ಕೋತಿಗಳನ್ನು ಅಳಿಸಿಹಾಕಿದ ತಲೆ ನನ್ನದು. ಒಂದು ಮಾತ್ರ ಅಲುಗಲಿಲ್ಲ. ಕತೆಯಲ್ಲಿ ಯಾವತ್ತೂ ಹೇಳದ, ಹಾಗಾಗಿ ಯಾವತ್ತೂ ತಿದ್ದದ ಒಂದು: ಕೈ ಹಿಡಿದಾಗ ಅತ್ತೆ ಜಾರಿಯಾಳೆಂಬ ಚಿಂತೆ ನನಗಿರಲಿಲ್ಲ. ಅವಳು ನಿಜವಾಗಿ ಹೆದರಿದ್ದಳು, ನನ್ನನ್ನು ಬಿಗಿಯಾಗಿ ಹಿಡಿದಿದ್ದಳು. ನಾನು ಆ ಹೆದರಿಕೆಯನ್ನು ಬಳಸಿಕೊಂಡೆ.

ಚೆನ್ನೈಗೆ ವಾಪಸು ಬಂದ ದಿನ ಅತ್ತೆ ಬಾಲ್ಕನಿಯ ಕುರ್ಚಿಯಲ್ಲಿ ಕಾಯುತ್ತಿದ್ದಳು. ಎಲ್ಲ ಹೇಳಿದೆ. ಕಬ್ಬಿಣದ ಮೆಟ್ಟಿಲು, ಕಂಬಗಳು, ಮಲ್ಲಿಗೆ. ಹಾಸ್ಟೆಲಿನದನ್ನೂ ಹೇಳಿದೆ, ಅದನ್ನು ಹೇಳದಿದ್ದರೆ ಮಿಕ್ಕದ್ದು ಅರ್ಥವಾಗುವಂತಿರಲಿಲ್ಲ.

"ಆ ಹುಡುಗ್ರು ನಕ್ಕರಾ?"

"ನಕ್ಕರು."

"ನನ್ನ ಹೆಸರು ಹೇಳಿದ್ಯಾ?"

"ಇಲ್ಲ. ಅತ್ತೆ ಅಂತ ಅಷ್ಟೇ."

"ಬಹಳ ಸಲ ಹೇಳಿದ್ಯಾ?"

"ಹೇಳಿದೀನಿ."

ಅವಳು ಮುಖ ಆಚೆ ತಿರುಗಿಸಿದಳು. ಕೆಳಗೆ ಜವುಗಿನಲ್ಲಿ ಬಿಳಿ ಕೊಕ್ಕರೆಗಳು ನಿಂತಿದ್ದವು. ನನಗೆ ಎದ್ದು ಹೋಗಬೇಕೆನಿಸಿತು. ಕೂತೇ ಇದ್ದೆ.

"ಜಾರಬಾರದು ಅಂತ ನನ್ನ ಹಿಡ್ಕೊಂಡೆ ಅಂದ್ಕೊಂಡಿದ್ದೆ ಕಣೋ," ಎಂದಳು ಕೊನೆಗೆ. "ಇಷ್ಟು ವರ್ಷ. ಆ ಗುಹೆ ಅಂದ್ರೆ ನಂಗೆ ಅದೊಂದೇ ನೆನಪು. ಪುಟ್ಟ ಕೈ, ಹಿಡ್ಕೋ ಅತ್ತೆ ಅಂದಿದ್ದು."

ಕಲ್ಲು ಯಾವುದೆಂದು ಗೊತ್ತಿಲ್ಲ, ಆದರೆ ಲಿಂಗ ಮುಟ್ಟಿಸಬೇಕೆಂದೇ ಕೈ ಹಿಡಿದದ್ದು ನಿಜ ಎಂದು ಮತ್ತೊಮ್ಮೆ ಹೇಳಿದೆ.

"ಅಂದ್ರೆ ನಾನು ಮುಟ್ಟಬೇಕು ಅಂತ ಮುಟ್ಟಲಿಲ್ಲ."

"ಇಲ್ಲ."

"ನೀನು ಮುಟ್ಟಿಸಬೇಕು ಅಂತಲೇ ಇದ್ದೆ."

"ಹೌದು."

"ಹಂಗಾದ್ರೆ ನಂದೇನೋ ಇದೆ ಇದರಲ್ಲಿ? ಮನಸ್ಸು ನಿಂದು, ಉಪವಾಸಾನೂ ನಿಂದೇ. ಶುಕ್ರವಾರ ಏಕಾದಶಿ. ನೀರೂ ಕುಡಿಯೋ ಹಾಗಿಲ್ಲ." ನನ್ನ ಮುಖ ನೋಡಿ, "ಏನು ಹಾಗೆ ನೋಡ್ತೀಯಾ? ನಂಬಿಕೆ ಇಲ್ಲದವನಿಗೆ ಹಸಿವಾಗಲ್ವಾ?" ಎಂದಳು.

ಬಾಗಿಲ ಬಳಿ ನಿಂತಿದ್ದ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತೆ ಅವತ್ತು ರಾಗಿ ಗಂಜಿಯನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡಳು.

ಶುಕ್ರವಾರ ಏನೂ ತಿನ್ನದೆ ಮಣಲಿಗೆ ಹೋದೆ. ಹತ್ತು ಗಂಟೆಯತನಕ ಇದೊಂದು ನಾಟಕವೆಂದು ನಗು ಬರುತ್ತಿತ್ತು. ಹನ್ನೆರಡಕ್ಕೆ ತಲೆ ನೋಯತೊಡಗಿತು. ಎರಡು ಗಂಟೆಗೆ ಒಂದು ಸ್ಯಾಂಪಲನ್ನು ಮೂರು ಸಲ ತೂಗಿದೆ, ಮೂರು ಸಲವೂ ಬೇರೆ ಬೇರೆ ಬಂತು. ಮೂರೂವರೆಗೆ ಅತ್ತೆಯ ಫೋನ್.

"ಏನಾದ್ರೂ ತಿಂದ್ಯಾ?"

"ಇಲ್ಲ."

"ಕಾಫಿ ಟೀ?"

ಇಲ್ಲ ಎನ್ನಲು ಬಾಯಿ ತೆರೆದೆ. ಮೇಜಿನ ಮೇಲೆ ಪೇಪರ್ ಕಪ್ಪು ಇತ್ತು. ಕ್ಯಾಂಟೀನಿನವರು ದಿನವೂ ಹನ್ನೊಂದಕ್ಕೆ ಕೇಳದೆಯೇ ಇಟ್ಟುಹೋಗುವ ಟೀ. ಕಪ್ಪು ಖಾಲಿಯಾಗಿತ್ತು. ತಳದಲ್ಲಿ ಒಂದಿಷ್ಟು ಸಕ್ಕರೆ ಅಂಟಿತ್ತು. ಇವತ್ತಿನದೋ, ನಿನ್ನೆಯದನ್ನು ಯಾರೂ ಎತ್ತಿಲ್ಲವೋ? ನಾನು ಕುಡಿದೆನೇ? ನಾಲಿಗೆಯನ್ನು ಅಂಗುಳಿಗೆ ಒತ್ತಿ ನೋಡಿದೆ. ಏನೂ ತಿಳಿಯಲಿಲ್ಲ.

"ಯಾಕೋ ಸುಮ್ಮನಾದೆ?"

"ಇಲ್ಲಿ ಒಂದು ಕಪ್ಪಿದೆ ಅತ್ತೆ, ಖಾಲಿ. ಕುಡಿದ್ನೋ ಇಲ್ವೋ ನೆನಪಾಗ್ತಿಲ್ಲ."

ಅವಳಿಗೆ ಕೋಪ ಬಂದಿರಬೇಕೆಂದುಕೊಂಡೆ. ಆಮೇಲೆ ಅವಳ ನಗು ಕೇಳಿಸಿತು, ಕೆಮ್ಮು ಬರುವಷ್ಟು ನಗು.

"ಸರಿ ಬಿಡು. ಸುಳ್ಳು ಹೇಳಲಿಲ್ವಲ್ಲ," ಎಂದಳು, ಕೆಮ್ಮು ನಿಂತ ಮೇಲೆ. "ಹದಿನೈದು ದಿನಕ್ಕೆ ಇನ್ನೊಂದು ಏಕಾದಶಿ ಬರತ್ತೆ. ಅವತ್ತು ರಜ ಹಾಕಿ ಮನೇಲಿರು. ನನ್ನ ಕಣ್ಣೆದುರಿಗೆ ಕೂತಿರಬೇಕು."