ಮೂಗಿಗೆ ಹೋಗದ ಕೈ

೧೯೬೧, ನವೆಂಬರ್ ೭, ಮಂಗಳವಾರ. ಬೆಳಗಿನ ಜಾವ ಹಿಡಿದ ಮಳೆ ಎಂಟು ಗಂಟೆಗೆ ನಿಂತಿತು. ಆಮೇಲೆ ಬಿಸಿಲೂ ಬರಲಿಲ್ಲ, ಗಾಳಿಯೂ ಬೀಸಲಿಲ್ಲ. ಮದರಾಸಿನ ವೆಸ್ಟ್ ಮಾಂಬಲಂನ ಓಣಿಯಲ್ಲಿ ಪಾದ ಮುಳುಗುವಷ್ಟು ನೀರು. ಕಾಂತಪ್ಪ ಎಡಗೈಯಲ್ಲಿ ಪಂಚೆ ಎತ್ತಿ ಹಿಡಿದು, ಬಲಗೈಯನ್ನು ಹೆಂಡತಿ ಸರಸಳ ಹೆಗಲ ಮೇಲಿಟ್ಟು, ಎರಡನೆಯ ಸಲ ಆಸ್ಪತ್ರೆಗೆ ಹೊರಟ. ಮೊದಲ ಸಲ ಡಾಕ್ಟರು ಬರೆದುಕೊಟ್ಟ ಚೀಟಿ ಸರಸಳ ಸೊಂಟದಲ್ಲಿತ್ತು. ಅದರಲ್ಲಿ ಇಂಗ್ಲಿಷಿನ ಎರಡೇ ಸಾಲು: ಈತನಿಗೆ ಮಾತು ಬರುವುದಿಲ್ಲ, ಈತನಿಗೆ ಮಾತು ಅರ್ಥವಾಗುವುದಿಲ್ಲ. ಮೊದಲನೆಯ ಸಾಲನ್ನು ಕಾಂತಪ್ಪ ಒಪ್ಪಿಕೊಂಡಿದ್ದ. ಎರಡನೆಯದನ್ನು ಹೊಡೆದುಹಾಕಿಸಲು ಹೊರಟಿದ್ದ.

ಹದಿಮೂರನೆಯ ವಯಸ್ಸಿನಲ್ಲಿ ಕಾಪುವಿನಿಂದ ಮದರಾಸಿಗೆ ಬಂದಾಗ ಅವನಿಗೆ ತಮಿಳಿನ ಗಂಧವೂ ಇರಲಿಲ್ಲ. ಹೋಟೆಲಿನ ಮೇಜು ಒರೆಸುತ್ತ, ಹಿರಿಯ ಸಪ್ಲೈಯರ್ ಐತ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ ತಿಂಡಿಗಳ ಪಟ್ಟಿಯನ್ನು ಇಡಿಯಾಗಿ ಬಾಯಿಗೆ ತಂದುಕೊಂಡ. ಅದರೊಳಗೆ ಒಂದು ತಿಂಡಿ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂದು ತಿಳಿಯಲು ಮತ್ತೆರಡು ತಿಂಗಳು ಹಿಡಿಯಿತು. ಕ್ರಮೇಣ, ಐದು ಮೇಜಿನವರು ಒಟ್ಟಿಗೆ ಹೇಳಿದರೂ ಯಾರಿಗೆ ಚಟ್ನಿ ಹೆಚ್ಚು, ಯಾರಿಗೆ ಸಕ್ಕರೆ ಬೇಡ ಎಂಬುದನ್ನು ಬರೆದುಕೊಳ್ಳದೆ ಒಳಗೆ ಒಯ್ಯುವವನಾದ.

ಐತ ಕಲಿಸಿದ ಇನ್ನೊಂದು ಪಾಠವಿತ್ತು. ಬಡಿಸುವವನ ಕೈ ತಲೆಗೆ, ಮೂಗಿಗೆ, ಬಾಯಿಗೆ ಹೋಗಕೂಡದು. ಮೂಗಿನ ಮೇಲೆ ನೊಣ ಕೂತರೂ ಕೂಡದು. ತಪ್ಪಿದರೆ ಸೌಟಿನ ಹಿಡಿಯಿಂದ ಮಣಿಗಂಟಿಗೊಂದು ಏಟು. ಏಟಿನ ಕಾಲ ಮುಗಿದರೂ ಮೂವತ್ತನಾಲ್ಕು ವರ್ಷ ಕಾಂತಪ್ಪನ ಕೈ ಆ ಪಾಠವನ್ನು ಮರೆಯಲಿಲ್ಲ.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಆರು ಲೋಟ ಕಾಫಿಯೊಂದಿಗೆ ಅವನು ಕುಸಿದು ಬಿದ್ದ. ಎಚ್ಚರವಾದಾಗ ಬಲಗೈ ಭಾರ, ಮಾತಿಲ್ಲ. ಸರಸಳ ಹೆಸರು ನಾಲಗೆಯ ತುದಿಯವರೆಗೆ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಕೇಳಿದ್ದೆಲ್ಲ ತಿಳಿಯುತ್ತಿತ್ತು, ಪಕ್ಕದ ಮನೆಯವರು ‘ಪಾಪ, ಬುದ್ಧಿ ಹೋಯಿತು’ ಎಂದು ಪಿಸುಗುಟ್ಟಿದ್ದೂ ತಿಳಿಯಿತು.

ಹೋಟೆಲಿನ ಯಜಮಾನ ಸುಬ್ರಾಯರು ಕೆಟ್ಟವರಲ್ಲ. “ಒಳಗೆ ಪ್ಲೇಟು ಜೋಡಿಸ್ಲಿಕ್ಕೆ ಬಾಯಿ ಬೇಡ, ಕಿವಿ ಸಾಕು,” ಎಂದರು. “ಆದ್ರೆ ಅದು ಒಲೆ, ಕುದಿವ ಎಣ್ಣೆ ಇರುವ ಜಾಗ ಮಾರಾಯ. ಹೇಳಿದ್ದು ತಿಳೀತದೆ ಅಂತ ಡಾಕ್ಟ್ರು ಬರ್ದು ಕೊಡ್ಲಿ. ಇಲ್ದಿದ್ರೆ ಊರಿನ ಟಿಕೇಟು ನಾನೇ ತೆಗ್ಸಿ ಕೊಡ್ತೇನೆ.”

ಮೊದಲ ಸಲ ಅವನನ್ನು ನೋಡಿದ ಡಾಕ್ಟರ್ ತಿರುಮಲ ನಾಲ್ಕು ತಲೆಮಾರಿನಿಂದ ಮದರಾಸಿನಲ್ಲಿ ನೆಲೆನಿಂತ ಕನ್ನಡ ಮನೆತನದವರು. ಅದು ತಿಳಿದಾಗ ಕಾಂತಪ್ಪನಿಗೆ ಧೈರ್ಯ ಬಂದಿತ್ತು. ಅವರು ಗಡಿಯಾರದ ಚಿತ್ರ ತೋರಿಸಿದರು, ನಾಯಿಯದು, ಕುರ್ಚಿಯದು. ಒಂದರ ಹೆಸರೂ ಹೊರಡಲಿಲ್ಲ. ಕೊನೆಗೆ ತಮಾಷೆಗೆಂದು, “ಹೋಟೆಲ್ ಆಸಾಮಿ ಅಲ್ವೇನಪ್ಪಾ? ತಿನ್ನಕ್ಕೆ ಏನಿದೆ?” ಎಂದರು.

“ಇಡ್ಲಿವಡೆಪೊಂಗಲ್ಪೂರಿಮಸಾಲೆದೋಸೆರವಾದೋಸೆಊತ್ತಪ್ಪಬೋಂಡಾಕೇಸರಿಕಾಫಿ!”

ಪಟ್ಟಿ ಇಡಿಯಾಗಿ ಹೊರಬಿತ್ತು. ಕಾಂತಪ್ಪನೇ ಬೆರಗಾದ. ಸರಸಳ ಕಣ್ಣು ತುಂಬಿತು. ಡಾಕ್ಟರು ನಕ್ಕು ಐವರು ವಿದ್ಯಾರ್ಥಿಗಳನ್ನು ಕರೆದರು; ಅವರೆದುರು ಮತ್ತೆ ಹೇಳಿಸಿದರು, ಇನ್ನೊಮ್ಮೆ ಹೇಳಿಸಿದರು. “ಪಾತ್ತೀಂಗಳಾ? ಬರೀ ಗಿಳಿಪಾಠ. ಅರ್ಥ ಎಲ್ಲಾ ಪೋಚ್ಚು,” ಎಂದು ತಮಿಳು ಬೆರೆಸಿ, ಅರ್ಥವೆಲ್ಲ ಹೋಯಿತು ನೋಡಿ ಎಂದರು, ಎದುರಿಗೆ ಕೂತವನು ಮರದ ಬೊಂಬೆಯೋ ಎಂಬಂತೆ. ಆಮೇಲೆ, “ಮೂಗು ಮುಟ್ಟುಪ್ಪಾ. ತಲೆ ಮುಟ್ಟು. ಬಾಯಿ ಮುಟ್ಟು.” ಕಾಂತಪ್ಪನ ಕೈ ತೊಡೆಯಿಂದ ಒಂದಂಗುಲ ಎದ್ದು ಮತ್ತೆ ಅಲ್ಲೇ ಕೂತಿತು. ಡಾಕ್ಟರು ಮೂರು ಸೊನ್ನೆ ಬರೆದರು.

ಇಂದು ಅದೇ ಕೋಣೆಯಲ್ಲಿ ಡಾಕ್ಟರ ಜೊತೆ ಇಬ್ಬರು ವಿದ್ಯಾರ್ಥಿಗಳಿದ್ದರು, ಒಬ್ಬ ಕಿಟಕಿಯ ಬಳಿ, ಇನ್ನೊಬ್ಬ ಬಾಗಿಲಲ್ಲಿ.

“ಏನಮ್ಮಾ, ತಿರುಗಾ ಬಂದ್ರಾ?”

“ಈ ಎರಡ್ನೇ ಗೆರೆ ಹೊಡ್ದು ಹಾಕ್ಬೇಕು ಡಾಕ್ಟ್ರೇ.”

“ಟೆಸ್ಟ್ ಎಲ್ಲಾ ಆಯ್ತಮ್ಮಾ. ಮೂಗು ಮುಟ್ಟು ಅಂದ್ರೆ ಮುಟ್ಟಲಿಲ್ಲ. ಅದಕ್ಕಿಂತ ಸುಲಭ ಏನಿದೆ?”

“ಅದು ಬಡಿಸುವ ಕೈ. ಮೂವತ್ನಾಲ್ಕು ವರ್ಷದಲ್ಲಿ ಮೂಗಿಗೆ ಹೋಗ್ಲಿಲ್ಲ. ಮೂಗು ಮುಟ್ಟಿದ ಕೈಯಲ್ಲಿ ಇಡ್ಲಿ ತಂದಿಟ್ರೆ ನೀವು ತಿಂತೀರಾ?”

ಕಿಟಕಿಯ ವಿದ್ಯಾರ್ಥಿ ಫಕ್ಕನೆ ನಕ್ಕ. ಡಾಕ್ಟರು ನಗಲಿಲ್ಲ. ಸರಸ ಅಪ್ಪಣೆಗೆ ಕಾಯದೆ, ಪರೀಕ್ಷೆಯ ಸಾಮಾನಿದ್ದ ತಟ್ಟೆಯನ್ನು ಗಂಡನ ಮುಂದೆ ಎಳೆದಳು. ಚಮಚ, ಬಾಚಣಿಗೆ, ಪೆನ್ಸಿಲು, ಬೀಗದಕೈ, ಲೋಟ. ಹೋಟೆಲಿನಲ್ಲಿ ಒಳಗೆ ಕೂಗಿ ಹೇಳುವ ಹಾಗೆ ಒಂದೇ ಉಸಿರಿಗೆ ಕೂಗಿದಳು:

“ಕಿಟಕಿ ಹತ್ರ ಚಮಚ ಒಂದು, ಬಾಗಿಲಿಗೆ ಪೆನ್ಸಿಲು, ಅಲ್ಲ ಪೆನ್ಸಿಲು ಬೇಡ ಬಾಚಣಿಗೆ, ಡಾಕ್ಟ್ರಿಗೆ ಲೋಟ, ಬೀಗದಕೈ ಯಾರಿಗೂ ಇಲ್ಲ, ಡಾಕ್ಟ್ರಿಗೆ ಮೊದ್ಲು!”

ಕಾಂತಪ್ಪ ಎದ್ದ. ಎಡಗೈಯಾದರೆ ಸಲೀಸು, ಆದರೆ ಎಡಗೈಯಲ್ಲಿ ಬಡಿಸುವುದುಂಟೇ? ಬಲಗೈಯಲ್ಲಿ ಲೋಟ ಹಿಡಿದು, ಆ ಮಣಿಗಂಟಿಗೆ ಎಡಗೈಯ ಆಸರೆ ಕೊಟ್ಟು, ಅಂಚಿಗೆ ಬೆರಳು ತಾಕದಂತೆ ಡಾಕ್ಟರ ಬಲಕ್ಕೆ ಇಟ್ಟ. ಆಮೇಲೆ ಕಾಲೆಳೆಯುತ್ತ ಕಿಟಕಿಗೆ ಚಮಚ, ಬಾಗಿಲಿಗೆ ಬಾಚಣಿಗೆ. ಪೆನ್ಸಿಲು, ಬೀಗದಕೈ ತಟ್ಟೆಯಲ್ಲೇ ಉಳಿದವು.

ಡಾಕ್ಟರು ಲೋಟವನ್ನು ಬದಿಗೆ ಸರಿಸಿದರು. ಚೀಟಿ ತೆಗೆದುಕೊಂಡು ಎರಡನೆಯ ಸಾಲು ಹೊಡೆದರು. ಕೆಳಗೆ, ಉದ್ದನೆಯ ಮಾತೂ ಪೂರ್ತಿ ಅರ್ಥವಾಗುತ್ತದೆ ಎಂದು ಬರೆದು ಸಹಿ ಹಾಕಿದರು. ತಪ್ಪಾಯಿತೆಂಬ ಮಾತು ಮಾತ್ರ ಹೊರಡಲಿಲ್ಲ. ಅವರ ನಾಲಗೆಗೆ ಯಾವ ಕಾಯಿಲೆಯೂ ಇರಲಿಲ್ಲ.

ಬಾಗಿಲು ದಾಟುವಾಗ ಕರೆದರು. “ಇವರಿಬ್ಬರು ಹೊಸಬರಪ್ಪಾ. ಒಂದ್ಸಲ ಆ ಲಿಸ್ಟ್ ಹೇಳಿಬಿಡು. ತಿನ್ನಕ್ಕೆ ಏನಿದೆ?”

ಪಟ್ಟಿ ಗಂಟಲಿಗೆ ನುಗ್ಗಿ ಬಂತು. ಅವನಲ್ಲಿ ಉಳಿದಿದ್ದ ಇಡಿಯ ಮಾತು ಅದೊಂದೇ. ಕಾಂತಪ್ಪ ತುಟಿ ಬಿಗಿದು ತಿರುಗಿ ನಿಂತ. ಭಾರವಾದ ಬಲಗೈಯನ್ನು ನಿಧಾನವಾಗಿ ಎತ್ತಿ, ಡಾಕ್ಟರನ್ನೇ ನೋಡುತ್ತ, ತನ್ನ ಮೂಗಿನ ತುದಿಯನ್ನು ಮುಟ್ಟಿದ. ಹೊರಗಿನ ನಲ್ಲಿಯಲ್ಲಿ ಎರಡು ಸಲ ಕೈ ತೊಳೆದುಕೊಂಡ.

ಮನೆಯ ಲೆಕ್ಕದಲ್ಲಿ ಇಂದಿನ ಖರ್ಚು: ಇಬ್ಬರಿಗೂ ಬಸ್ಸು, ಹೋಗಿ ಬರಲು, ನಲವತ್ತೆಂಟು ನಯಾ ಪೈಸೆ. ಆಸ್ಪತ್ರೆಯ ಚೀಟಿಗೆ ಹತ್ತು. ಎರಡು ಕಾಫಿಗೆ ಮೂವತ್ತು. ಒಟ್ಟು ಎಂಬತ್ತೆಂಟು ನಯಾ ಪೈಸೆ.