ಒಳಬದಿಯ ಗೀರು

ಸ್ಪಿರಿಟ್‌ನಲ್ಲಿ ಕರಗಿದ ಅರಗಿನ ವಾಸನೆ ಮೂಗಿಗೆ ಮುಟ್ಟಿದರೆ ನಾನು ಕೂತಲ್ಲಿ ಕೂರುವುದಿಲ್ಲ. ಹೋದ ತಿಂಗಳು ಶಹಾಪುರದ ನಮ್ಮ ಮನೆಯಲ್ಲಿ ಊಟದ ಮೇಜಿನ ಮೇಲೆ ಕುಕ್ಕರ್ ಎಳೆದು ನಾನೇ ಒಂದು ಗೀರು ಮಾಡಿದೆ. ಕೂದಲೆಳೆಯಷ್ಟು ಗೀರು, ಮೇಲಿನ ಪಾಲಿಶನ್ನು ಮಾತ್ರ ಸೀಳಿತ್ತು. ಮಗಳು ಮೊಬೈಲಿನಲ್ಲಿ ಏನೋ ನೋಡಿ, ಪಾಲಿಶಿನ ಒಂದು ಸಣ್ಣ ಬಾಟಲಿ ತರಿಸಿ, ಮುಚ್ಚಳ ತೆಗೆದಳು. ನಾನು ಎದ್ದು ಹಿತ್ತಲಿಗೆ ಹೋದೆ. ಗ್ಯಾಸ್ ಬಂದ್ ಆಗಿದೆಯೇ ಎಂದು ಮೂರು ಸಲ ನೋಡುವವಳು ನಾನು. ಬಸ್ ಹತ್ತಿದ ಮೇಲೆ ಕೀಲಿ ಹಾಕಿದೆನೋ ಇಲ್ಲವೋ ಎಂದು ಪಕ್ಕದ ಮನೆಗೆ ಫೋನ್ ಮಾಡುವವಳು, ಯಾರಿಗೆ ಕೆಮ್ಮು ಬಂದರೂ ಮನಸ್ಸಿನಲ್ಲೇ ಅವರನ್ನು ಆಸ್ಪತ್ರೆಗೆ ಸೇರಿಸಿ, ಬ್ರೆಡ್ಡು ಹಣ್ಣು ಕೊಟ್ಟು ಬರುವವಳು. ಹಾಗಾಗಿ ಮನೆಯವರು ಇದನ್ನೂ ಅದೇ ಲೆಕ್ಕಕ್ಕೆ ಹಾಕಿದರು. ಅವ್ವನಿಗೆ ಈಗ ವಾಸನೆಯದೂ ಚಿಂತೆ ಶುರುವಾಯಿತು ಎಂದು ಮಗಳು ನಕ್ಕಳು. ಅವಳಿಗೇನು ಗೊತ್ತು, ಆ ಬಾಟಲಿಯ ಮುಚ್ಚಳ ತೆಗೆದರೆ ನಮ್ಮ ಸುರಪುರದ ಮನೆ ಹೊರಗೆ ಬರುತ್ತದೆ ಅಂತ.

ಫರ್ಸಿಕಲ್ಲು ಹಾಸಿದ ಪಡಸಾಲೆ, ಅಂಗಳದಲ್ಲಿ ಬೇವಿನ ಮರ, ಮಧ್ಯಾಹ್ನವಾದರೆ ಅದರ ನೆರಳು ಹೊಸ್ತಿಲು ದಾಟಿ ಒಳಗೆ ಬಂದು ಕೂರುತ್ತಿತ್ತು. ಅಪ್ಪ ಶಾಲೆಯ ಮಾಸ್ತರ. ಅವ್ವ, ನಾನು, ನನಗಿಂತ ಎಂಟು ವರ್ಷ ದೊಡ್ಡವಳಾದ ಗಂಗಕ್ಕ, ಇಷ್ಟೇ ಜನ. ಗಂಗಕ್ಕನ ಮದುವೆಗೆ ಕೊಡುವ ಅಲಮಾರಿ ಆ ಬೇವಿನ ಮರದ ಕೆಳಗೇ ತಯಾರಾದದ್ದು. ಸಾಗವಾನಿಯದು. ಎರಡು ಬಾಗಿಲು, ಒಂದು ಬದಿ ಹಲಗೆಗಳು, ಇನ್ನೊಂದು ಬದಿ ಸೀರೆ ತೂಗುಹಾಕಲು ಆಳೆತ್ತರದ ಖಾಲಿ ಜಾಗ. ಅದಕ್ಕೆ ಪಾಲಿಶ್ ಕೊಟ್ಟವನು ಖಾಜಾಕಾಕಾ. ಎಂಟು ದಿನ ಕೂತು, ಒಳಗೂ ಹೊರಗೂ ಒಂದೇ ಸಮ ಪಾಲಿಶ್ ಮಾಡಿದ್ದ. ಗಂಗಕ್ಕ ಅದರ ಮುಂದೆ ನಿಂತು ಬೈತಲೆ ತೆಗೆದುಕೊಳ್ಳುತ್ತಿದ್ದಳು, ಅಷ್ಟು ಹೊಳಪು. ಕನ್ನಡಿ ಇದ್ದರೂ ಅಲಮಾರಿಯಲ್ಲೇ ಮುಖ ನೋಡುವುದು ಅವಳ ಚಟವಾಗಿತ್ತು. ಕನ್ನಡಿಯಲ್ಲಿ ಕರ್ರಗೆ ಕಾಣ್ತೀನಿ, ಇದರಾಗ ಕೆಂಪಗೆ ಕಾಣ್ತೀನಿ ಎನ್ನುತ್ತಿದ್ದಳು.

ಅವಳನ್ನು ಹುಣಸಗಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದೆವು. ಒಂದೂವರೆ ವರ್ಷಕ್ಕೆ ಗಂಗಕ್ಕ ತಿರುಗಿ ಬಂದಳು. ಅವಳ ಹಿಂದೆ ಟೆಂಪೋದಲ್ಲಿ ಅಲಮಾರಿಯೂ ಬಂತು, ಆಕಿನೂ ಬ್ಯಾಡ ಆಕಿ ಸಾಮಾನೂ ಬ್ಯಾಡ ಎಂದು ಗಂಡನ ಮನೆಯವರು ಕಳಿಸಿದ್ದರು. ಗಂಗಕ್ಕ ಬಿಸಿಲಿನಲ್ಲೂ ಉದ್ದ ತೋಳಿನ ಕುಪ್ಪಸ ತೊಡುತ್ತಿದ್ದಳು. ಏನಾಯಿತೆಂದು ಕೇಳಿದರೆ ಜೋಳ ಹಸನು ಮಾಡುವ ಮೊರ ಎಳೆದುಕೊಂಡು ಕೂರುತ್ತಿದ್ದಳು. ತಿಂಗಳೊಪ್ಪತ್ತಿನಲ್ಲಿ ಎರಡೂ ಕಡೆಯ ಹಿರಿಯರು ನಮ್ಮ ಪಡಸಾಲೆಯಲ್ಲಿ ಸೇರಿದರು. ಚಹಾ ಆಯಿತು, ಎಲೆ ಅಡಿಕೆ ಆಯಿತು. ಕಡೆಗೆ ಅಪ್ಪನೇ ಅಂದ: "ಸಣ್ಣ ಹುಡುಗ್ರು, ಜಗಳ ಆಗೋದ. ಗಂಡಾ ಹೆಂಡ್ತಿನ ಮಿಲಾಯ್ಸಿ ಕಳಿಸೋಣು." ಎಲ್ಲರೂ ತಲೆಯಾಡಿಸಿದರು. ಗಂಗಕ್ಕ ಒಳಗಿನ ಕೋಣೆಯಲ್ಲಿ ಇದ್ದಳು. ಅವಳನ್ನು ಯಾರೂ ಹೊರಗೆ ಕರೆಯಲಿಲ್ಲ.

ಅಲಮಾರಿಯ ಮೇಲೆ ಗೀರುಗಳಿದ್ದವು. ಗಂಗಕ್ಕನ ಜೊತೆ ಅದು ಹಾಗೇ ತಿರುಗಿ ಹೋದರೆ ಮಾಸ್ತರ ಮನೆಯಲ್ಲಿ ಇಟ್ಟುಕೊಂಡು ಹಾಳು ಮಾಡಿ ಕಳಿಸಿದ ಎನ್ನುವ ಮಾತು ಬರುತ್ತದೆಂದು ಅಪ್ಪನಿಗೆ ಅಂಜಿಕೆ. ಚಿಂತೆ ನನಗೆ ಅವನಿಂದಲೇ ಬಂದದ್ದು, ಆದರೆ ಅವನ ಚಿಂತೆಗಳು ಯಾವಾಗಲೂ ತಪ್ಪು ಬಾಗಿಲು ಬಡಿಯುತ್ತಿದ್ದವು. ಖಾಜಾಕಾಕಾನಿಗೆ ಹೇಳಿ ಕಳಿಸಿದ. ಅವನು ಬಾಟಲಿ, ಹತ್ತಿ, ಹಳೆ ಅರಿವೆ ಹಿಡಿದು ಬಂದ. ಮಾಸ್ತರ ಬಕ್ಕತಲೆಗೂ ಒಂದು ಕೈ ಹೊಡೆಯಲೇ, ಮಕ್ಕಳು ಮುಖ ನೋಡಿಕೊಂಡಾರು ಎಂದು ಚಾಷ್ಟಿ ಮಾಡುತ್ತ ಕೆಲಸಕ್ಕೆ ಕೂತ. ಹತ್ತಿಯನ್ನು ಅರಿವೆಯಲ್ಲಿ ಸುತ್ತಿ ಉಂಡೆ ಮಾಡಿ, ಅರಗಿನ ನೀರಲ್ಲಿ ಅದ್ದಿ, ಗೀರಿನ ಮೇಲೆ ತೇಲಿಸಿಕೊಂಡು ಹೋಗುತ್ತಿದ್ದ. ಕೈ ನಡುವೆ ನಿಲ್ಲಬಾರದು, ನಿಂತರೆ ಅಲ್ಲೇ ಕಲೆ. ಗೀರು ಎಲ್ಲಿ ಹೋಗುತ್ತದೆ ಕಾಕಾ ಎಂದು ಕೇಳಿದೆ.

"ಎಲ್ಲಿಗೂ ಹೋಗಂಗಿಲ್ಲ ಬೇಟಿ. ಗೀರು ಅಳಸಾಕ ಬರಂಗಿಲ್ಲ. ಆಜೂಬಾಜೂ ರಂಗಿಗೆ ಮಿಲಾಯ್ಸೋದು, ಅಷ್ಟ."

ನನಗೆ ಆಗ ಹನ್ನೆರಡು ವರ್ಷ. ಅಪ್ಪ ಪಡಸಾಲೆಯಲ್ಲಿ ಹೇಳಿದ ಮಿಲಾಯಿಸುವುದು, ಕಾಕಾ ಅಂಗಳದಲ್ಲಿ ಹೇಳಿದ ಮಿಲಾಯಿಸುವುದು ಎರಡೂ ಒಂದೇ ಕೆಲಸ ಎಂದುಕೊಂಡೆ. ಅಲಮಾರಿಯ ಗೀರು ಸರಿಯಾಗಿ ಕೂಡಿಕೊಂಡರೆ ಗಂಗಕ್ಕನೂ ಭಾವನೂ ಕೂಡಿಕೊಳ್ಳುತ್ತಾರೆ. ನಮ್ಮ ಊರಲ್ಲಿ ಬಣ್ಣಕ್ಕೂ ಗಂಡ ಹೆಂಡಿರಿಗೂ ಆ ಒಂದೇ ಮಾತು ಸಾಕಾಗುತ್ತಿತ್ತಲ್ಲ, ನಾನಾದರೂ ಏನು ಮಾಡಲಿ. ಅವತ್ತಿನಿಂದ ಅಲಮಾರಿ ಬಿಟ್ಟು ಏಳಲಿಲ್ಲ.

ಹೊರಗಿನದು ಮುಗಿದ ಮೇಲೆ ಕಾಕಾ ಸೀರೆ ತೂಗುಹಾಕುವ ಕಡೆಯ ಬಾಗಿಲು ತೆರೆದ. ಬಾಗಿಲಿನ ಒಳಬದಿಯಲ್ಲಿ, ನನ್ನ ಎದೆಯ ಮಟ್ಟದಿಂದ ಕೆಳತನಕ, ಗೀರುಗಳಿದ್ದವು. ಸಣ್ಣವು, ಒತ್ತೊತ್ತಾಗಿ, ಮೇಲಿಂದ ಕೆಳಗೆ ಇಳಿದಿದ್ದವು. ಅವನು ಬಹಳ ಹೊತ್ತು ನೋಡಿದ. ಸೂಜಿ ತೆಗೆದುಕೊಂಡು ಒಂದು ಗೀರಿನೊಳಗಿಂದ ಏನೋ ಕೆದಕಿ ಅಂಗೈಯಲ್ಲಿ ಹಿಡಿದ. ಹಸಿರು ಗಾಜಿನ ಬಳೆಯ ಚೂರು, ಸಾಸಿವೆಯಷ್ಟು. ಚಹಾ ತಂದ ಅವ್ವ ಅದು ಟೆಂಪೋದಲ್ಲಿ ಹಗ್ಗ ಉಜ್ಜಿ ಆದದ್ದೆಂದಳು. ಗಂಗಕ್ಕ ಹಾಗೇ ಹೇಳಿದ್ದಳು.

"ಹಗ್ಗ ಬಾಗಲದ ಒಳಗ ಹೋಗಂಗಿಲ್ರಿ ಅಕ್ಕಾರ" ಎಂದ ಕಾಕಾ. "ಇದು ಒಳಗ ಇದ್ದವ್ರು ಮಾಡಿದ್ದು."

ಅವ್ವ ಚಹಾದ ಬಟ್ಟಲನ್ನು ಫರ್ಸಿಯ ಮೇಲೆ ಇಟ್ಟು, ನಿಮ್ಮ ಕೆಲಸ ನೀವು ಮಾಡ್ರಿ ಅಂದಳು. ಅವನು ಮಾಡಲಿಲ್ಲ. ಹೋಗುವಾಗ ತಲೆಬಾಗಿಲ ಬಳಿ ಅಪ್ಪನನ್ನು ನಿಲ್ಲಿಸಿ, ಹುಡುಗಿನ ಕಳಿಸಬ್ಯಾಡ್ರಿ ಎಂದು ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ಸೀರೆ ಹಾಕುವಾಗ ಬಳೆ ತಾಕಿರುತ್ತದೆ ಎಂದ ಅಪ್ಪ. ಮಾತು ಕೊಟ್ಟಾಗಿದೆ ಎಂದೂ ಅಂದ. ಕಾಕಾ ಅರ್ಧ ಬಾಟಲಿ ಅಲ್ಲೇ ಬಿಟ್ಟು ಹೋದ.

ಒಳಬದಿಯನ್ನು ಅವ್ವ, ನಾನು ಕೂಡಿ ಮಾಡಿದೆವು. ಶೇಂಗಾ ಕಾಳು ಮುರಿದು ಗೀರಿಗೆ ಅಡ್ಡಡ್ಡ ತಿಕ್ಕುವುದು, ಎಣ್ಣೆ ಇಳಿಯುವ ತನಕ ಹೆಬ್ಬೆರಳಿನಿಂದ ಬಿಸಿ ಮಾಡುವುದು. ಬಿಳಿ ಕಂಡಲ್ಲಿ ಕಡ್ಡಿಗೆ ಹತ್ತಿ ಸುತ್ತಿ ದಟ್ಟ ಚಹಾದ ಡಿಕಾಕ್ಷನ್ ಮುಟ್ಟಿಸುವುದು. ಒಣಗಿದ ಮೇಲೆ ಕಾಕಾನ ಅರಗು, ಕೈ ನಿಲ್ಲಿಸದೆ. ನಾಲ್ಕು ದಿನ. ಅಪ್ಪ ಒಂದು ಸಲವೂ ಆ ಬಾಗಿಲು ತೆರೆದು ನೋಡಲಿಲ್ಲ. ಕೆಳಗಿನ ಗೀರುಗಳಿಗೆ ನನ್ನ ಬೆರಳೇ ಬೇಕಾಗಿತ್ತು, ಅವ್ವನಿಗೆ ಬಗ್ಗಿದರೆ ಸೊಂಟ ನೋವು. ನಾನು ಅಲಮಾರಿಯೊಳಗೆ ಕೂತು, ಬಾಗಿಲು ಅರ್ಧ ಎಳೆದುಕೊಂಡು, ಪರೀಕ್ಷೆಗೆ ಬರೆಯುವವಳ ಹಾಗೆ ಒಂದೊಂದನ್ನೂ ಮುಗಿಸಿದೆ. ನನ್ನ ಜನ್ಮದಲ್ಲಿ ಅಷ್ಟು ಚೊಕ್ಕಟವಾಗಿ ಇನ್ನೊಂದು ಕೆಲಸ ಮಾಡಿಲ್ಲ. ಹೊರಡುವ ದಿನ ಗಂಗಕ್ಕನನ್ನು ಕೈಹಿಡಿದು ಎಳೆದು ತಂದು ಬಾಗಿಲು ತೆರೆದು ತೋರಿಸಿದೆ. ಅವಳು ಅಂಗೈಯನ್ನು ಮೇಲಿಂದ ಕೆಳಗೆ ಆಡಿಸಿದಳು.

"ಛಲೋ ಮಾಡೀದಿ ಮಾದಿ," ಅಂದಳು. "ನಂಗೂ ಎಲ್ಲಿದ್ದುವಂತ ಗೊತ್ತಾಗವಲ್ದು."

ನಾನು ಹಿಗ್ಗಿದೆ.

ಏಳು ತಿಂಗಳಿಗೆ ಸುದ್ದಿ ಬಂತು. ಗಂಗಕ್ಕ ನೀರು ಸೇದಲು ಹೋಗಿ ಕಾಲು ಜಾರಿ ಬಾವಿಗೆ ಬಿದ್ದಳು ಅಂದರು. ಮಣ್ಣು ಮಾಡಿದ ಮೂರನೆಯ ದಿನ ಅವಳ ಗಂಡನ ಮನೆಯಲ್ಲೇ ಮತ್ತೆ ಹಿರಿಯರು ಕೂತರು. ಖಾಜಾಕಾಕಾ ತಾನೂ ಬಂದು ಕಂಡದ್ದು ಹೇಳುತ್ತೇನೆಂದಿದ್ದ. ಮನೆಯ ಮಾತು ಹೊರಗಿನವರ ಬಾಯಲ್ಲಿ ಬೇಡವೆಂದು ಅಪ್ಪ ಅವನನ್ನು ಬಿಟ್ಟು ಬಂದಿದ್ದ. ಅಲ್ಲಿ, ಅಷ್ಟು ಜನರ ನಡುವೆ, ಅಪ್ಪನ ಬಾಯಿಂದ ಮೊದಲ ಸಲ ಅದು ಹೊರಬಿತ್ತು: "ನನ್ನ ಮಗಳನ್ನ ಅಲಮಾರ್ಯಾಗ ನೂಕಿ ಕೀಲಿ ಹಾಕ್ತಿದ್ರು ಇವ್ರು. ಬಾಗಲದ ಮ್ಯಾಲ ಗುರ್ತು ಅದಾವ."

ಗಂಗಕ್ಕನ ಅತ್ತೆ ಅಳಲೂ ಇಲ್ಲ, ಬೈಯಲೂ ಇಲ್ಲ. ಎದ್ದು ಹೋಗಿ ಅಲಮಾರಿಯ ಬಾಗಿಲು ಪೂರ್ತಿ ತೆರೆದಳು. ಕಿಟಕಿಯ ಬೆಳಕು ನೇರ ಒಳಬದಿಗೆ ಬಿತ್ತು. ಒಂದು ಗೀರಿಲ್ಲ. ಕೂತವರ ರುಮಾಲುಗಳೆಲ್ಲ ಅದರಲ್ಲಿ ಕಾಣುತ್ತಿದ್ದವು. ಹಿರಿಯರೊಬ್ಬರು ಎದ್ದು ಕೈಯಾಡಿಸಿ ನೋಡಿ, ಬೇಸರದಿಂದಲೇ ಹೇಳಿದರು: "ಇಲ್ಲೇನೂ ಇಲ್ಲಲ್ರೀ ಮಾಸ್ತರ." ಅಪ್ಪ ನನ್ನ ಕಡೆ ನೋಡಿದ. ನಾನು ಅವ್ವನ ಸೆರಗಿನ ಹಿಂದೆ ಹೋದೆ. ಆಮೇಲೆ ಎಲ್ಲರೂ ಹಣೆಬರಹದ ಮಾತಾಡಿ ಎದ್ದರು.

ಸುರಪುರಕ್ಕೆ ಬರುವ ಬಸ್ಸಿನಲ್ಲಿ ಅಪ್ಪ ಮುಂದೆಲ್ಲೋ ನಿಂತಿದ್ದ. ಕಾಲುವೆ ನೀರಿನ ಗದ್ದೆಗಳು ಹಸಿರಾಗಿ ಹಿಂದೆ ಹೋಗುತ್ತಿದ್ದವು. ಅವ್ವ ನನ್ನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ದೇವಾಪುರ ದಾಟಿದ ಮೇಲೆ, ಕಿಟಕಿಯ ಕಡೆ ಮುಖ ಮಾಡಿಕೊಂಡೇ, ಅಂದಳು: "ನಾವು ಅಷ್ಟು ಛಂದ ಮಾಡಬಾರ್ದಿತ್ತವ್ವ."

ಅವ್ವ ಆಮೇಲೆ ಇಪ್ಪತ್ತು ವರ್ಷ ಬದುಕಿದಳು, ಆ ಮಾತನ್ನು ಎರಡನೇ ಸಲ ಆಡಲಿಲ್ಲ. ಅಪ್ಪ ಅವಳಿಗಿಂತ ಮೊದಲೇ ಹೋದ. ಮನೆ ಬೇರೆಯವರ ಪಾಲಾಗಿ, ಬೇವಿನ ಮರವಿದ್ದಲ್ಲಿ ಈಗ ಸಿಮೆಂಟಿನ ಗೋಡೆ ಎದ್ದಿದೆ. ಆದರೆ ಅವತ್ತು ಬಸ್ಸಿನಲ್ಲಿ ಅವ್ವ ‘ನಾವು’ ಅಂದಿದ್ದಳು, ಹನ್ನೆರಡು ವರ್ಷದ ನನ್ನನ್ನೂ ಸೇರಿಸಿಕೊಂಡು. ಆ ‘ನಾವು’ ಎಂಬುದರಲ್ಲಿ ಈಗ ಉಳಿದವಳು ನಾನೊಬ್ಬಳೇ.