ಆಮೆಯ ಬಾಣಂತನ

ನಮ್ಮ ಶಹಾಪುರದಲ್ಲಿ ಕಾದು ಬಿಸಿಯಾಗುವ ಬಲ್ಬು ಬೇಕು ಎಂದು ಕೇಳಿದರೆ ಜನ ನಿಮ್ಮ ಹಣೆ ಮುಟ್ಟಿ ನೋಡುತ್ತಾರೆ. ಬಿಸಿಲಿಗೆ ಬೈದುಕೊಂಡೇ ವರ್ಷ ಕಳೆಯುವ ಊರಿದು. ಆದರೂ ಆ ಡಿಸೆಂಬರಿನಲ್ಲಿ ನಾನು ಅಂಗಡಿಯಿಂದ ಅಂಗಡಿಗೆ ಅದನ್ನೇ ಕೇಳುತ್ತ ಅಲೆದೆ. ಮನೆಯಲ್ಲಿ ನನ್ನ ಆಮೆ ತಿನ್ನುವುದನ್ನು ಬಿಟ್ಟಿತ್ತು.

ಅಂಗೈಯಷ್ಟಿದ್ದಾಗ ನಮ್ಮವರು ಹೈದರಾಬಾದಿನಿಂದ ತಂದುಕೊಟ್ಟ ನೀರಾಮೆ ಅದು, ಕಿವಿಯ ಹತ್ತಿರ ಕೆಂಪು ಪಟ್ಟೆ ಇರುವಂಥದ್ದು. ಹಿಂದೆ ಎಮ್ಮೆಗಳು ನೀರು ಕುಡಿಯುತ್ತಿದ್ದ ಅಂಗಳದ ಕಲ್ಲಿನ ದೋಣಿಯೇ ಅದರ ಮನೆ. ನಡುವೆ ಒಂದು ಒಣ ಕಲ್ಲಿಟ್ಟಿದ್ದೆ. ಬಿಸಿಲು ಬಂದಾಗ ಅದರ ಮೇಲೇರಿ ನಾಲ್ಕೂ ಕಾಲು ಚಾಚಿ ಸಾಹುಕಾರನ ಹಾಗೆ ಮಲಗುತ್ತಿತ್ತು. ಆ ವರ್ಷ ಪಕ್ಕದ ಮನೆಯವರು ಮೇಲೊಂದು ಅಂತಸ್ತು ಏರಿಸಿದರು, ನಮ್ಮಂಗಳದ ಬಿಸಿಲು ಅವರ ಗೋಡೆಯ ಪಾಲಾಯಿತು. ದೋಣಿಯ ನೀರು ಮಧ್ಯಾಹ್ನವೂ ಕೊರೆಯತೊಡಗಿತು. ಆಮೆ ತಳದಲ್ಲಿ ಕಣ್ಣು ಮುಚ್ಚಿಕೊಂಡು ಕುಳಿತುಬಿಟ್ಟಿತು.

ಮೊಬೈಲಿನಲ್ಲಿ ಹುಡುಕಿದೆ. ಬಿಸಿ ಸೂರ್ಯನ ಹಾಗೆ ಮೇಲಿನಿಂದ ಬರಬೇಕು, ಒಣ ಕಲ್ಲಿನ ಮೇಲೆ ಬೀಳಬೇಕು, ನೀರೂ ಸ್ವಲ್ಪ ಬೆಚ್ಚಗಿರಬೇಕು. ಬಿಸಿಗೆ ಹಳೆಯ ಕಾಲದ ತಂತಿಯ ಬಲ್ಬಾದರೂ ನಡೆದೀತು. ಆದರೆ ಆ ಬಲ್ಬೇ ಸಿಗಬೇಕಲ್ಲ!

"ಟೀಚರ್, ಈಗೆಲ್ಲಾ ಎಲ್ಇಡಿ ರೀ," ಎಂದು ಅಂಗಡಿಯವನು ನಕ್ಕ. "ಬಲ್ಬು ಕಾಯಾಕತ್ತೈತಿ ಅಂತ ಮಂದಿ ವಾಪಸ್ ತಂದು ಕೊಡ್ತಾರ. ನಿಮಗ ಕಾಯೂದೇ ಬೇಕೇನ್ರಿ?"

ಅಷ್ಟರಲ್ಲಿ ಯಾದಗಿರಿಯಲ್ಲಿ ಎರಡು ದಿನದ ತರಬೇತಿ ಬಂತು. ಆಮೆಯನ್ನು ಅತ್ತೆಗೆ ಒಪ್ಪಿಸಿ ಹೋದೆ. ಕೋಳಿಮರಿಗಳನ್ನು ಅಂಥ ಬಲ್ಬಿನ ಕೆಳಗೇ ಬೆಚ್ಚಗಿಡುತ್ತಾರೆಂದು ತರಬೇತಿಯಲ್ಲಿ ಯಾರೋ ಹೇಳಿದರು. ಮುಗಿದ ಕೂಡಲೇ ನಮ್ಮವರ ಗಾಡಿಯಲ್ಲಿ ಶಿರವಾಳದ ಹಾದಿಯ ಕೋಳಿ ಫಾರ್ಮಿಗೆ ಹೋಗಿ ಒಂದು ಬಲ್ಬು ಇಸಿದುಕೊಂಡು, ಗೆದ್ದವಳ ಹಾಗೆ ಮನೆಗೆ ಬಂದೆ.

ದೋಣಿಯಲ್ಲಿ ಆಮೆ ಇರಲಿಲ್ಲ. ಒಳಕೋಣೆಯಲ್ಲಿ ಹೊರಸಿನ ಮೇಲೆ ಒಂದು ಬುಟ್ಟಿ, ಹೊರಸಿನ ಕೆಳಗೆ ಕೆಂಡ ತುಂಬಿದ ಅಗ್ಗಿಷ್ಟಿಗೆ. ಬುಟ್ಟಿಯೊಳಗೆ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ನನ್ನ ಆಮೆ. ಅದರ ಮೂತಿಯ ಮುಂದೆ ಬೆಳ್ಳುಳ್ಳಿ ಕಲಸಿದ ಮೆತ್ತನ್ನ ಅನ್ನ. ಕಾಲಿನ ಚರ್ಮ ಸುಕ್ಕಾಗಿತ್ತು, ಕಣ್ಣು ಒಳಗೆ ಹೋಗಿದ್ದವು.

"ನೀರಾಗಿಂದ ಯಾಕ ತೆಗದ್ರಿ ಅತ್ತೀ?"

"ಥಂಡಿ ಹಿಡದೈತಿ ಅದಕ್ಕ. ಥಂಡಿ ಹಿಡದಾಕಿನ್ನ ಯಾರರ ನೀರಾಗ ಇಡ್ತಾರೇನು? ನಿನ್ನೆಯಿಂದ ಒಂದು ಹನಿ ನೀರ ಸೋಂಕಸಿಲ್ಲ ನೋಡು," ಎಂದರು ಅತ್ತೆ, ಹೆಮ್ಮೆಯಿಂದ.

ನನ್ನ ಬಾಯಿ ಕೆಟ್ಟದ್ದು. ನಮ್ಮವರು ಅದನ್ನು ಬಲ್ಲವರು, ಹೊಸ್ತಿಲ ಆಚೆಯೇ ನಿಂತರು. ಆದರೆ ಆ ಕೆಂಡದ ಕಾವು ನನ್ನ ಮೊಣಕಾಲಿಗೆ ತಾಗಿದ್ದೇ ತಡ, ಬೈಯುವುದನ್ನು ಬಿಟ್ಟು ಹೊರಸಿನ ಅಂಚಿಗೆ ಕುಳಿತುಬಿಟ್ಟೆ.

ಆ ಹೊರಸಿನ ಮೇಲೆ ನಾನೂ ಮಲಗಿದ್ದೆ. ನನ್ನ ಕೂಸು ಹುಟ್ಟುವಾಗಲೇ ಹೋಗಿತ್ತು. ತವರಿನಲ್ಲಿ ಅವ್ವ ಇರಲಿಲ್ಲ. ಬರಿಗೈಯಲ್ಲಿ ಈ ಮನೆಗೇ ಬಂದಾಗ ಓಣಿಯ ಹೆಂಗಸರು, "ಕೂಸಿಲ್ಲದ ಬಾಣಂತನ ಯಾತಕ್ಕಬೇ?" ಎಂದಿದ್ದರು. "ಹಡದಾಳೋ ಇಲ್ಲೋ? ಹಡದಾಕಿ ಬಾಣಂತಿನೇ," ಎಂದು ಅವರ ಬಾಯಿ ಮುಚ್ಚಿಸಿದ ಅತ್ತೆ, ಎಣ್ಣೆ ಹಚ್ಚಿ ಎರೆದು, ಲೋಬಾನ ಹಾಕಿ, ಹೊರಸಿನ ಕೆಳಗೆ ಕೆಂಡ ಆರದಂತೆ ನೋಡಿಕೊಂಡರು. ನನ್ನನ್ನು ತಾಯಿ ಎಂದು ಲೆಕ್ಕಕ್ಕೆ ಹಿಡಿದವರು ಅವರೊಬ್ಬರೇ. ಆ ಋಣ ದೊಡ್ಡದು.

"ಅತ್ತೀ," ಎಂದೆ ಮೆಲ್ಲಗೆ, "ಇದು ನೀರಾಗ ಇದ್ರಷ್ಟೇ ನುಂಗತೈತ್ರಿ. ನೀರಿಲ್ಲಂದ್ರ ಗಂಟಲದಾಗ ಏನೂ ಇಳಿಯಂಗಿಲ್ಲ."

ಅವರ ಮುಖ ಇಳಿಯಿತು. "ಯವ್ವಾ, ಇದಕ್ಕೇನರ ಆದ್ರ ನಾನೇ ಕೊಂದಂಗ," ಎಂದು ಸೆರಗು ಬಾಯಿಗಿಟ್ಟುಕೊಂಡರು. ಆಮೆಯನ್ನು ಮುಟ್ಟಲೂ ಹೇಸುತ್ತಿದ್ದ ಹೆಂಗಸು ಎರಡು ದಿನ ಅದಕ್ಕೆ ಕೆಂಡ ಹಾಕಿದ್ದು ಯಾರ ಸಲುವಾಗಿ ಎಂದು ನನಗೆ ಗೊತ್ತಿತ್ತು. ಇದು ಸತ್ತರೆ ಅವರು ತಮ್ಮನ್ನು ತಾವು ಕ್ಷಮಿಸುವವರಲ್ಲ. ಅದೇ ನನಗೆ ಹೆದರಿಕೆ.

ಆಮೆಯನ್ನು ಮೊದಲು ಉಗುರುಬೆಚ್ಚಗಿನ ನೀರಿಗೆ ಬಿಟ್ಟೆವು. ನಮ್ಮವರು ದೋಣಿಯ ಮೇಲೆ ಬಲ್ಬು ತೂಗುಹಾಕಿದರು. ಎಷ್ಟು ಎತ್ತರಕ್ಕೆ ಎಂಬುದನ್ನು ಅತ್ತೆಯೇ ಗೊತ್ತುಮಾಡಿದರು. ಕೂಸಿಗೆ ಎರೆಯುವ ನೀರು ನೋಡುವ ಹಾಗೆ ಕಲ್ಲಿನ ಮೇಲೆ ಹಿಂಗೈ ಹಿಡಿದು, "ಇನ್ನಾ ಮ್ಯಾಲ ಏರಸು, ಸುಡಾಕತ್ತೈತಿ," ಎಂದರು. ಮತ್ತೆ ಹಿಡಿದು, "ಹಾಂ, ಈಗ ಬರೊಬ್ಬರಿ," ಎಂದರು. ಮುಂದಿನ ದಿನಗಳಲ್ಲಿ ನಾನು ಶಾಲೆಗೆ ಹೋದಾಗ ದೋಣಿಗೆ ಬಿಸಿನೀರು ಬೆರೆಸಿದವರೂ, ಬೆಳಿಗ್ಗೆ ಮಾಳಿಗೆಯ ಬಿಸಿಲಿಗೆ ಬೋಗುಣಿಯಲ್ಲಿ ಅದನ್ನು ಒಯ್ದವರೂ ಅವರೇ.

ಒಂದು ಭಾನುವಾರ ಮಧ್ಯಾಹ್ನ ಆಮೆ ತಾನಾಗಿ ಕಲ್ಲೇರಿತು. ಬಲ್ಬಿನ ಕೆಳಗೆ ಕತ್ತು ಚಾಚಿ ಸ್ವಲ್ಪ ಹೊತ್ತು ಕಾಯಿಸಿಕೊಂಡು, ಮತ್ತೆ ನೀರಿಗಿಳಿದು, ಅತ್ತೆ ಹಾಕಿದ ಪಾಲಕದ ಎಲೆಗೆ ಬಾಯಿ ಹಾಕಿತು.

"ನುಂಗ್ತು! ಏ, ನುಂಗ್ತು ನೋಡಬೇ!"

ನಾನು ಓಡಿ ಬಂದೆ. ಇಬ್ಬರೂ ದೋಣಿಯ ಅಂಚಿಗೆ ಕುಳಿತು ಎಲೆ ಮುಗಿಯುವವರೆಗೂ ನೋಡಿದೆವು. ಆಮೇಲೆ ಅತ್ತೆ ನೀರನ್ನೇ ನೋಡುತ್ತ ಕೇಳಿದರು:

"ಬಾಣಂತಿಗೆ ನೀರ ಕೊಡಬಾರದಂತ ನಿನಗೂ ನಾ ಕೊಟ್ಟಿದ್ದಿಲ್ಲ. ಭಾಳ ನೀರಡಿಸಿತ್ತೇನವ್ವಾ?"

ಇಲ್ಲ ಎನ್ನಬಹುದಿತ್ತು. ಅವರಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ನೀರಡಿಸಿತ್ತರಿ," ಎಂದೆ. "ಖರೆ, ನೀವು ಆ ಕೆಂಡ ಹಾಕಲಿಲ್ಲಂದ್ರ ನಾ ಉಳೀತಿದ್ದಿಲ್ಲರಿ ಅತ್ತೀ."

ಅವರು ಎದ್ದು ಒಳಗೆ ಹೋಗಿ, ಒಂದು ಚಂಬು ನೀರು ತಂದು ನನ್ನ ಕೈಗಿಟ್ಟರು.

"ಕುಡಿ," ಎಂದರು.

ನಾನು ಕುಡಿದು ಮುಗಿಸುವವರೆಗೂ ಅಲ್ಲೇ ನಿಂತಿದ್ದರು.